ಉಬ್ಬಿ ಮರಳುವ ಹಿತ್ತಾಳೆ

ಒಂದು ಮರದ ಹಲಗೆ. ಅದರಲ್ಲಿ ಎಂಟು ಕುಳಿಗಳು. ಆರರಲ್ಲಿ ಕೋವಿಗೆ ಹಾಕುವ, ಬೆರಳುದ್ದದ ಹಿತ್ತಾಳೆಯ ತೋಟೆಗಳು ನೆಟ್ಟಗೆ ನಿಂತಿವೆ, ಎರಡು ಖಾಲಿ. ಪಕ್ಕದಲ್ಲಿ ಒಂದು ಭೂತಗನ್ನಡಿ, ತಟ್ಟೆ ಮುಚ್ಚಿದ ಚಹಾದ ಲೋಟ. ತಗಡಿನ ಮಾಡಿನಲ್ಲಿ ಯಾವುದೋ ಮೊಳೆ ಬಿಟ್ಟುಹೋದ ತೂತಿನಿಂದ ಬೆಳಕಿನ ಎಳೆಯೊಂದು ಇಳಿದು ಮೂರನೆಯ ತೋಟೆಯ ಹೆಗಲ ಮೇಲೆ ಕೂತಿದೆ. ಬೆಳಕಿಗೆ ಇನ್ನೂ ಬಣ್ಣ ಬಂದಿಲ್ಲ. ಹಿತ್ತಾಳೆಯೇ ಅದಕ್ಕೆ ಹಳದಿಯನ್ನು ಕಲಿಸುತ್ತಿರುವಂತಿದೆ.

ಬಹ್ರೈನಿನ ಸಲ್ಮಾಬಾದಿನ ಗೋದಾಮುಗಳ ಸಾಲಿನಲ್ಲಿರುವ ಈ ವರ್ಕ್‌ಶಾಪಿನಲ್ಲಿ ಬೇರೆ ದಿನವಾದರೆ ಇಷ್ಟು ಹೊತ್ತಿಗೆ ಲೇತ್ ಯಂತ್ರ ತಿರುಗುತ್ತಿರುತ್ತದೆ. ಇಂದು ಅದರ ಒಡನಾಡಿ ಕೊಸ್ಮಸ್ ಮೊಣಕಾಲ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದಾರೆ. ಖಾಲಿ ಕುಳಿಗಳ ಎರಡು ತೋಟೆಗಳು ನಿನ್ನೆ ಸಂಜೆ, ಮದ್ದು ತುಂಬಿ ಹಾರಿಸಿ ನೋಡುವ ಪರೀಕ್ಷೆಗೆ ಹೋಗಿವೆ. ಅವು ಸೀಳಿ ಬಂದರೆ, ಮುಂದಿನ ಗುರುವಾರದ ಮದುವೆಯಲ್ಲಿ ಒಂದು ಹಳೆಯ ಕೋವಿ ಮೂಕವಾಗಿಯೇ ಉಳಿಯುತ್ತದೆ.

ಕೋವಿ ಮುಹರ್ರಕ್‌ನ ಬೂ ರಾಶಿದ್ ಅವರದು. ಎಪ್ಪತ್ತು ದಾಟಿದ ಹಿರಿಯ. ರಾಶಿದನ ಅಪ್ಪ ಎಂಬುದೇ ಅವರ ಕರೆಹೆಸರು. ಒಮ್ಮೆ ತುಂಬಿದರೆ ಒಂದರ ಹಿಂದೊಂದು ಗುಂಡು ಹಾರಿಸುವ, ಸನ್ನೆಗೋಲಿನ ಆ ರಿಪೀಟರ್ ಕೋವಿಯನ್ನು ಅವರ ತಂದೆ ಇವರ ಮದುವೆಯ ಖಡ್ಗಕುಣಿತದಲ್ಲಿ ಆಕಾಶಕ್ಕೆ ಹಾರಿಸಿದ್ದರಂತೆ. ಈಗ ಇವರ ಮೊಮ್ಮಗನ ಮದುವೆ. ಗುಂಡು ಬೇಡ, ಬರಿಯ ಸದ್ದು ಸಾಕು. ಆದರೆ ಆ ಅಳತೆಯ ತೋಟೆಯನ್ನು ಮಾಡುವವರು ಲೋಕದಲ್ಲೆಲ್ಲೂ ಉಳಿದಿಲ್ಲ.

"ಮದ್ದು ತುಂಬುದು ನನ್ನ ಕೆಲಸ ಅಲ್ಲ, ಅದಕ್ಕೆ ಪರ್ಮಿಟ್ ಇದ್ದವರು ಬೇರೆ ಉಂಟು," ಎನ್ನುತ್ತಾರೆ ಕೊಸ್ಮಸ್. "ನನ್ನದು ಹಿತ್ತಾಳೆ ಮಾತ್ರ. ಮದ್ದು ಸಿಡಿದಾಗ ಇದು ಉಬ್ಬಿ ಕೋವಿಯ ಒಳಗೋಡೆಗೆ ಅಂಟಬೇಕು. ಇಲ್ಲದಿದ್ರೆ ಬೆಂಕಿ ಹಿಂದೆ ಬಂದು ಹಿಡಿದವರ ಮುಖಕ್ಕೆ ಹೊಡೀತದೆ. ಮತ್ತೆ ಕೂಡ್ಲೇ ಸಣ್ಣ ಆಗ್ಬೇಕು, ಇಲ್ಲದಿದ್ರೆ ಅಲ್ಲೇ ಕೂತ್ಕೊಳ್ತದೆ. ಇಷ್ಟೆಲ್ಲ ರೆಪ್ಪೆ ಬಡಿಯುವುದರೊಳಗೆ. ನನಗೆ ಈಗಲೂ ನಂಬ್ಲಿಕ್ಕೆ ಆಗುದಿಲ್ಲ ಮಾರಾಯ್ರೆ."

ಮುಖ ಎಂದಾಗ ಅವರ ಕೈ ತಾನಾಗಿ ಎಡಗಣ್ಣಿನ ಬಳಿ ಹೋಗುತ್ತದೆ. ಹತ್ತು ವರ್ಷದ ಹಿಂದೆ ಲೇತಿನಿಂದ ಹಾರಿದ ಉಕ್ಕಿನ ಚೂರು ಆ ಕಣ್ಣಿನಲ್ಲಿ ಒಂದು ಮಂಜನ್ನು ಬಿಟ್ಟು ಹೋಗಿದೆ. ಕಿನ್ನಿಗೋಳಿಯ ಈ ಐವತ್ತಾರರ ಕೊಂಕಣಿ ಕ್ರೈಸ್ತರು ಮಂಗಳೂರಿನ ಲೇತ್ ಅಂಗಡಿಯಲ್ಲಿ ಕೆಲಸ ಕಲಿತು ಬಹ್ರೈನಿಗೆ ಬಂದು ಹದಿನೇಳು ವರ್ಷವಾಯಿತು. ದಿನಕ್ಕೆ ಮೂವತ್ತು-ನಲವತ್ತು ಬುಶ್ಶುಗಳು, ಎಂದರೆ ಯಂತ್ರದ ದಂಡ ಒಳಗೆ ತಿರುಗುವ ಲೋಹದ ಬಳೆಗಳು: ನೀರಿನ ಪಂಪಿಗೆ, ಮೀನುದೋಣಿಯ ಎಂಜಿನಿಗೆ. ಆಗಸ್ಟಿನಲ್ಲಿ ಮಾಡಿನ ತಗಡು ಕಾದು ಟಿಕ್ ಟಿಕ್ ಎನ್ನುತ್ತದೆ. ಸಂಜೆ ಸೆಗಯಾದ ಬಾಡಿಗೆ ಮನೆಗೆ ಮರಳಿದರೆ ಹೆಂಡತಿ ಬಾಗಿಲಲ್ಲೇ ಅವರ ಅಂಗಿ ಕೊಡವುತ್ತಾರೆ, ಲೋಹದ ಹುಡಿ ಅನ್ನದ ತಟ್ಟೆಗೆ ಬೀಳದಂತೆ.

ತಕ್ಕ ಹಿತ್ತಾಳೆಗಾಗಿ ಅವರು ಶುಕ್ರವಾರಗಳನ್ನೆಲ್ಲ ಗುಜರಿ ಅಂಗಡಿಗಳಲ್ಲಿ ಕಳೆದರು. ಕಾಫಿ ಕೂಜೆ, ಹಡಗಿನ ದೀಪ, ನಲ್ಲಿಯ ತಲೆ: ಎಲ್ಲವೂ ಎರಕದವು, ಬಗ್ಗಿಸಿದರೆ ಬಿಸ್ಕತ್ತಿನಂತೆ ಮುರಿಯುವವು. ಕೊನೆಗೆ, ಒಡೆದ ಹಡಗೊಂದರ ಹೊಟ್ಟೆಯಿಂದ ಬಂದ ದಪ್ಪ ಕೊಳವೆಯೊಂದು ಸಿಕ್ಕಿತು. ಎಷ್ಟೋ ಕಾಲ ಸಮುದ್ರದ ನೀರನ್ನು ಒಳಗೆ ಹರಿಯಗೊಟ್ಟ ಹಿತ್ತಾಳೆ. ಬಗ್ಗಿಸಿದಾಗ ಅದು ಮುನಿಯಲಿಲ್ಲ.

ಅದರಿಂದ ಮಾಡಿದ ಮೊದಲ ಕಂತಿನ ತೋಟೆಗಳು ಒಂದೇ ತಿಂಗಳಲ್ಲಿ, ಹಾರಿಸುವ ಮೊದಲೇ, ಕೂದಲೆಳೆಯಂತೆ ಸೀಳು ಬಿಟ್ಟವು. ಹಿತ್ತಾಳೆಯೇ ಕೆಟ್ಟದೆಂದು ಬೇರೆ ಕೊಳವೆ ಹುಡುಕಿದರು. ಎರಡನೆಯ ಕಂತೂ ಹಾಗೆಯೇ ಸೀಳಿತು. ಅದನ್ನು ಮರಳಿ ತಂದವರು ಬೂ ರಾಶಿದರ ಡ್ರೈವರ್, ಉಳ್ಳಾಲದ ಆದಂ. ಕರಾವಳಿಯ ರೂಢಿಯಂತೆ ಕ್ರೈಸ್ತರಾದ ಕೊಸ್ಮಸ್ ಅವರಿಗೆ ‘ಪೊರ್ಬು’, ಮುಸ್ಲಿಮರಾದ ಆದಂ ಇವರಿಗೆ ‘ಬ್ಯಾರಿ’.

"ಪೊರ್ಬುಗಳೇ, ನಿಮ್ಮ ಹಿತ್ತಾಳೆಗೆ ಯಾರದ್ದೋ ಕಣ್ಣು ಬಿದ್ದಿದೆ. ಒಂದು ಲಿಂಬೆ, ನಾಲ್ಕು ಮೆಣಸು ಕಟ್ಟುವನಾ?"

"ನಿಮ್ಮದೇ ಕಣ್ಣು ಬ್ಯಾರಿಗಳೇ. ಇದನ್ನು ಇಡುದು ಎಲ್ಲಿ ನೀವು?"

"ಎಲ್ಲಿ ಅಂದ್ರೆ? ಕೋವಿ ಇರುವಲ್ಲೇ. ಬುದೈಯದ ತೋಟದಲ್ಲಿ, ಕುದುರೆ ಲಾಯದ ಪೆಟ್ಟಿಗೆಯಲ್ಲಿ. ಕೋವಿ ಮನೆಯೊಳಗೆ ಬಂದ್ರೆ ತಾನು ಹೊರಗೆ ಅಂತ ಯಜಮಾನರ ಹೆಂಡತಿ, ಆ ಮುದುಕಮ್ಮ, ಹೇಳಿ ನಲ್ವತ್ತು ವರ್ಷ ಆಯ್ತು!"

ಕೊಸ್ಮಸ್ ಅಂದೇ ಆದಂ ಅವರ ಕಾರಿನಲ್ಲಿ ಬುದೈಯಕ್ಕೆ ಹೋದರು. ಲಾಯದ ಬಾಗಿಲು ತೆರೆದೊಡನೆ ಕುದುರೆಯ ಮೂತ್ರದ ಘಾಟು ಕಣ್ಣಿಗೆ ಚುಚ್ಚಿತು. ಆ ಉರಿಯಲ್ಲಿ, ಕಡಲಾಚೆಯ ಒಂದು ಹಿತ್ತಿಲು ಅವರೆದುರು ಬಂದು ನಿಂತಿತು.

"ನಮ್ಮ ಮಾಯ್, ಅಂದ್ರೆ ತಾಯಿ, ಹಿತ್ತಾಳೆಯ ಕೊಡವನ್ನು ದನದ ಹಟ್ಟಿಯ ಹತ್ತಿರ ಒಂದು ರಾತ್ರಿಯೂ ಇಡ್ಲಿಕ್ಕೆ ಬಿಡ್ತಿರ್ಲಿಲ್ಲ. 'ಕೊಡ ಬಿರಿತದೆ, ಒಳಗೆ ತಾ' ಅಂತ ಬೊಬ್ಬೆ. ಶುದ್ಧಕ್ಕೆ ಹೇಳುದು ಅಂತ ನಾನು ಗ್ರಹಿಸಿದ್ದು. ಹಿತ್ತಾಳೆ ಸರಿಯೇ ಇತ್ತು. ನಾನು ಸುಮ್ಮನೆ ಅದಕ್ಕೆ ಬೈದದ್ದು."

ಬಡಿದು ಎಳೆದ ಹಿತ್ತಾಳೆ ತಾನು ಪಟ್ಟ ಪಾಡನ್ನು ಬಿಗಿಯಾಗಿ ಒಳಗೇ ಹಿಡಿದುಕೊಂಡಿರುತ್ತದೆ. ಲಾಯದ ಗಾಳಿಯಲ್ಲಿನ ಮೂತ್ರದ ಘಾಟು ತಾಗಿದರೆ ಆ ಬಿಗಿತವೇ ಸೀಳಾಗಿ ಬಾಯಿ ಬಿಡುತ್ತದೆ. ಮೂರನೆಯ ಕಂತಿಗೆ ಕೊಸ್ಮಸ್ ಕೊನೆಯಲ್ಲಿ ಇನ್ನೊಂದು ಹದವಾದ ಕಾವು ಕೊಟ್ಟರು, ಹಿತ್ತಾಳೆ ತನ್ನ ಬಿಗಿತವನ್ನು ಮರೆಯಲೆಂದು. ಎಂಟನ್ನೂ ತಮ್ಮ ಬಳಿಯೇ ಇಟ್ಟುಕೊಂಡು, ಪರೀಕ್ಷೆಗೆ ಎರಡನ್ನು ಕಳಿಸಿದರು. ಉಳಿದವನ್ನು ಒಯ್ಯಲು ಅವರದು ಒಂದೇ ಕರಾರು: ಲಾಯ ಕೂಡದು, ಮನೆಯೊಳಗೆ ಜಾಗ ಬೇಕು.

ಹೊರಗೆ ಕಾರು ನಿಲ್ಲುತ್ತದೆ. ಮುಂದೆ ಬೂ ರಾಶಿದ್, ಹಿಂದೆ ಆದಂ. ಸಲಾಮು ಮುಗಿದ ಮೇಲೆ ಹಿರಿಯರು ನಿಲುವಂಗಿಯ ಜೇಬಿನಿಂದ ಒಂದು ತಗಡಿನ ಡಬ್ಬಿ ತೆಗೆದು ಮೇಜಿನ ಮೇಲಿಡುತ್ತಾರೆ. ಮುಚ್ಚಳ ತೆರೆದಾಗ ಏಲಕ್ಕಿಯ ಪರಿಮಳ. ಒಳಗೆ, ಮಸಿ ಹಿಡಿದ ಎರಡು ತೋಟೆಗಳು.

"ಮುದುಕಮ್ಮನ ಏಲಕ್ಕಿ ಡಬ್ಬಿ," ಆದಂ ಪಿಸುಗುಡುತ್ತಾರೆ. "ಕೋವಿ ಹೊರಗೇ ಇರ್ಲಿ, ತೋಟೆ ನನ್ನ ಅಡುಗೆಮನೆಯಲ್ಲಿ ಇರ್ಲಿ ಅಂದಿದ್ದಾರೆ. ನೋಡಿ, ನಿಮ್ಮ ಹಿತ್ತಾಳೆಗೆ ಎಂಥ ಯೋಗ!"

ಕೊಸ್ಮಸ್ ನಗುವುದಿಲ್ಲ. ಬಲಗಣ್ಣಿಗೆ ಭೂತಗನ್ನಡಿ ಹಿಡಿದು ಒಂದೊಂದನ್ನೇ ತಿರುಗಿಸುತ್ತಾರೆ. ಕಂಠ, ಹೆಗಲು, ಬುಡ. ಬೂ ರಾಶಿದರ ಜಪಮಣಿ ಬೆರಳ ನಡುವೆ ನಿಂತಿದೆ. ಮಸಿಯನ್ನು ಒರೆಸಿದಲ್ಲೆಲ್ಲ ನುಣುಪು. ಒಂದು ಗೆರೆಯೂ ಇಲ್ಲ. ಉಬ್ಬಿದ್ದು, ಅಂಟಿದ್ದು, ಮರಳಿದ್ದು.

"ಕುಚ್ ನಹೀ ಹುವಾ, ಬಾಬಾ. ಸಬ್ ಜೈನ್," ಎನ್ನುತ್ತಾರೆ, ಹಿಂದಿಗೆ ಅರಬಿ ಬೆರೆಸಿ. ಏನೂ ಆಗಿಲ್ಲ, ಎಲ್ಲ ಚೆನ್ನಾಗಿದೆ.

ಉಳಿದ ಆರೂ ಡಬ್ಬಿಗೆ ಇಳಿಯುತ್ತವೆ. ಮದುವೆಗೆ ಬರಲೇಬೇಕೆಂದು ಹಿರಿಯರು ಕೈ ಹಿಡಿಯುತ್ತಾರೆ.

"ಈ ಪೊರ್ಬುಗಳು ಎಲ್ಲಿ ಬರುದು?" ಆದಂ ನಗುತ್ತಾರೆ. "ಊರಲ್ಲಿ ಗರ್ನಾಲು ಪಟಾಕಿ ಸಿಡಿದ್ರೆ ಕಿವಿಗೆ ಬೆರಳು ಹಾಕುವ ಜನ!"

"ಹೌದು, ನಂಗೆ ಸದ್ದು ಆಗುದಿಲ್ಲ. ಆದ್ರೆ ಬರ್ತೇನೆ ಅಂತ ಹೇಳಿ. ದೂರದಲ್ಲಿ ನಿಲ್ತೇನೆ, ಕಿವಿ ಮುಚ್ಚಿಕೊಂಡು. ಅವರ ಮುಖ ಕಂಡ್ರೆ ನಂಗೆ ಸಾಕು." ಕೊಸ್ಮಸ್ ಮಸಿ ಹಿಡಿದವುಗಳಲ್ಲಿ ಒಂದನ್ನು ಮುಟ್ಟುತ್ತಾರೆ. "ಮತ್ತೆ, ಇದೊಂದು ಇಲ್ಲಿ ಬಿಡ್ಬಹುದಾ ಅಂತ ಕೇಳಿ."

ಆದಂ ಅರಬಿಯಲ್ಲಿ ಹೇಳುತ್ತಾರೆ. ಬೂ ರಾಶಿದ್ ಆ ತೋಟೆಯನ್ನು ಎತ್ತಿ, ತಾವೇ ಹಲಗೆಯ ಕುಳಿಯೊಂದರಲ್ಲಿ ನಿಲ್ಲಿಸಿ, ಅಂಗೈಯನ್ನು ಎದೆಗೊತ್ತಿಕೊಳ್ಳುತ್ತಾರೆ. ಬಳಿಕ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಡುತ್ತಾರೆ. ಅವರ ಹಿಂದೆ ಕಬ್ಬಿಣದ ಬಾಗಿಲು ಮುಚ್ಚಿಕೊಳ್ಳುತ್ತದೆ.