ಮೊದಲ ಕರೆಗೇ ಓಗೊಡುವ ಅನ್ವರಿಬೀ

ಅನ್ವರಿ ಬೇಗಮಳ ಸುದ್ದಿ ಸುಭದ್ರಾಬಾಯಿಯ ಕಿವಿಗೆ ಮೊದಲು ಬಿದ್ದದ್ದು ಭಾಲ್ಕಿಯಿಂದ ಬೀದರಿಗೆ ಹೋಗುವ ಬಸ್ಸಿನಲ್ಲಿ. ಸುಭದ್ರಾಬಾಯಿ ಸಾಯಗಾಂವದವಳು. ಗಂಡ ತೀರಿದ ಮೇಲೆ ಮನೆಮನೆಗೆ ಹೋಗಿ ಹಳೆಯ ಬಟ್ಟೆಗಳ ಕೌದಿ ಹೊಲಿದು ಹೊಟ್ಟೆ ಹೊರೆದವಳು. ಪಕ್ಕದಲ್ಲಿ ಕೂತಿದ್ದ ಓಣಿಯ ಗೆಳತಿ ಜಿಜಾಬಾಯಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದಳು.

"ಬೀದರದಾಗ ಚೌಬಾರಾ ಗೋಪುರದ ಹಿಂದ ಒಬ್ಬಾಕಿ ಮುದುಕಿ ಕೌದಿ ಹೊಲಿಯಾಕಿನ್ನ ಹುಡಕಲತ್ತಾಳ ನೋಡವಾ. ದುಬೈದಾಗ ಇದ್ದು ಬಂದಾಳ. ಬಟ್ಟಿ ಅಂದ್ರ ಬೆಣ್ಣಿ ಇದ್ದಂಗ ಅವಂತ. ಖರೇ, ಹೋಗೂದು ಬಿಡೂದು ನಿನ್ನ ಮ್ಯಾಲ."

"ಯಾಕ, ಕಚ್ತಾಳೇನು?"

"ಕಚ್ಚಿದ್ರ ಚಲೋ ಇತ್ತು. ಹಾಡಹಗಲ ದೆವ್ವಕ್ಕ ಓ ಅಂತಾಳ."

ಸುಭದ್ರಾಬಾಯಿ ನಕ್ಕಳು. ಆದರೆ ಬೀದರ ಬರುವತನಕ ಬಾಯಲ್ಲಿದ್ದ ಎಲೆಯಡಿಕೆಗೆ ರುಚಿಯೇ ಇರಲಿಲ್ಲ.

ಮುದುಕಿಯ ಮನೆಯ ಬಾಗಿಲು ತೆರೆದವಳು ಅವಳ ಸೊಸೆ ಜೇಬಾ. ಒಳಗೆ ಮಂಚದ ಮೇಲೆ ಅನ್ವರಿಬೀ. ಮಣ್ಣೊಳಗಿಂದ ಈಗಷ್ಟೇ ಕಿತ್ತ ಮೂಲಂಗಿಯಂಥ ಬೆಳ್ಳನೆಯ ಕೈಗಳು. ಮುದುಕಿ ಪೆಟ್ಟಿಗೆಯಿಂದ ಸೀರೆ, ಗೌನು, ದುಪಟ್ಟಾ ತೆಗೆದು ಚೆಲ್ಲಿದಳು. ಹಿಡಿದರೆ ಜಾರುವಂಥ ಬಟ್ಟೆ, ಮೇಲೆ ಅತ್ತರಿನ ವಾಸನೆ.

"ಯಾರವು ಇವು?"

"ನಮ್ಮ ಬಡೀ ಅಮ್ಮಾನವು. ನಾ ಕೆಲಸಕ್ಕಿದ್ದ ಮನಿಯವರು. ತೀರಿಹೋದ್ರು."

ಸುಭದ್ರಾಬಾಯಿ ಕೈ ಹಿಂದೆ ತೆಗೆದಳು. ತಮ್ಮ ಅತ್ತೆ, ತಮ್ಮ ತಾಯಿ ಉಟ್ಟದ್ದನ್ನು ಕೌದಿಗೆ ಹಾಕುತ್ತಾರೆ. ಅದನ್ನು ಹೊದ್ದರೆ ಹಿರಿಯರ ಕೈ ಮೈಮೇಲೆ ಇದ್ದ ಹಾಗೆ. ಸತ್ತ ಪರಕೀಯರ ಬಟ್ಟೆಗೆ ಯಾರೂ ಸೂಜಿ ಹಚ್ಚುವುದಿಲ್ಲ.

"ನಿಮ್ಮವರದು ಏನರ ಇದ್ರ ಕೊಡ್ರಿ."

"ನನ್ನ ವಯಸ್ಸೆಲ್ಲಾ ಅಕಿ ಕಾಲು ಒತ್ತೂದರಾಗ ಹೋಯ್ತು. ಇನ್ನ ಯಾರನ್ನ ನಮ್ಮವರು ಅನ್ನಲಿ?"

ಸುಭದ್ರಾಬಾಯಿ ಚಾಪೆ ಹಾಸಿ ಕೂತಳು.

ಹೊಲಿಗೆ ಸಾಗುತ್ತಿದ್ದಂತೆ ಅನ್ವರಿಬೀಯ ಮಾತಿನಲ್ಲಿ ದುಬೈ ಊರೂ ಬಿಚ್ಚಿಕೊಂಡಿತು. ಬಡೀ ಅಮ್ಮಾ ಹೈದರಾಬಾದ ಕಡೆಯ ಸಿರಿವಂತೆ, ಮಕ್ಕಳು ದೂರದೇಶಗಳಲ್ಲಿ. ಮುಗಿಲಿಗೆ ಮುಟ್ಟುವಂಥ ಮನೆಯಲ್ಲಿ ಇವರಿಬ್ಬರೇ. ಗೋಡೆ ಎಂಬುದೆಲ್ಲ ಗಾಜು, ಗಾಜಿನಾಚೆ ಸಮುದ್ರ. ಇಸ್ತ್ರಿ ಮಾಡಿ ಹಾಸಿದ ಚಾದರದ ಹಾಗೆ ಅದು ಬಿದ್ದಿರುತ್ತಿತ್ತು, ಒಂದು ಸಪ್ಪಳವಿಲ್ಲ. ಆ ಕಿಟಕಿಗಳಿಗೆ ತೆರೆಯಲು ಚಿಲಕವೇ ಇರಲಿಲ್ಲ. ಎದುರು ಮನೆಯಲ್ಲಿ ಯಾರಿದ್ದಾರೆಂದು ಕಡೆಯತನಕ ತಿಳಿಯಲಿಲ್ಲ. ಬಾಗಿಲಿನ ಹೊರಗೆ ಅವರ ಚಪ್ಪಲಿ ಮಾತ್ರ ಬದಲಾಗುತ್ತಿದ್ದವು. ಸಂಜೆಗೆ ಅನ್ವರಿಬೀ ಅಮ್ಮಾನ ಗಾಲಿಕುರ್ಚಿ ದಬ್ಬಿಕೊಂಡು ದಂಡೆಗೆ ಹೋಗುತ್ತಿದ್ದಳು. ನುಣುಪು ಕಲ್ಲಿನ ದಾರಿ ಮುಗಿದಲ್ಲಿ ಉಸುಕು ಶುರು. ಉಸುಕಿನಲ್ಲಿ ಗಾಲಿ ಹೋಗುವುದಿಲ್ಲ. ಅಮ್ಮಾನನ್ನು ಬಿಟ್ಟು ಇವಳು ಹೋಗುವಂತಿಲ್ಲ.

"ಹಂಗಾದ್ರ ನೀರು ಮುಟ್ಟೇ ಇಲ್ಲೇನ್ರಿ?"

"ನೋಡೀನಿ. ದಿನಾ ನೋಡೀನಿ."

"ಚಿಂತಾಕಿ ಊರಾಗಿರೋ ನನ್ನ ತಂಗಿ ಕೆರಿ ಕಂಡ್ರ ಸೀರಿ ಎತ್ತಿ ಇಳೀತಾಳ. ನೀವು ಸಮುದ್ರಾ ಇಟಗೊಂಡು ಉಪಾಸ ಬಂದೀರಿ!"

ಅನ್ವರಿಬೀ ನಗುತ್ತ ನಗುತ್ತ ಒಮ್ಮೆಲೇ ಎದ್ದು ನಿಂತಳು. "ಆಯೀ ಅಮ್ಮಾ, ಬಂದೆ!" ಎಂದು ಕೂಗಿ ಹೊಸ್ತಿಲು ದಾಟಿ ಓಡಿದಳು. ಯಾರೂ ಕರೆದಿರಲಿಲ್ಲ. ಅಡುಗೆಮನೆಯಿಂದ ಜೇಬಾ ಹಾರಿಬಂದು ರಟ್ಟೆ ಹಿಡಿದಳು.

"ಹೋದ ವಾರ ಮಾಳಿಗಿಗಿ ಓಡಿದ್ರು, ಮೌಸಿ. ಅಲ್ಲಿ ಅಂಚಿನ ಕಟ್ಟಿ ಮೊಳಕಾಲಿಗೂ ಬರೂದಿಲ್ಲ. ದುಪಟ್ಟಾ ಕೈಗಿ ಸಿಕ್ತು, ಉಳಿದ್ರು. ನಾ ಎಷ್ಟು ದಿನಾ ಹಿಂಗ ಹಿಡಕೊಂಡು ಕುಂದರಲಿ?"

ಸುಭದ್ರಾಬಾಯಿ ಸೂಜಿಯನ್ನು ಬಟ್ಟೆಗೆ ಸಿಗಿಸಿ ಇಟ್ಟಳು. ಮೊದಲ ಕರೆಗೆ ಓಗೊಡಬಾರದು ಎಂಬುದು ಅವಳ ಸೀಮೆಯಲ್ಲಿ ಕೂಸುಗಳಿಗೂ ಗೊತ್ತು. ದೆವ್ವಕ್ಕೆ ಒಂದೇ ಸಲ ಕರೆಯುವ ತಾಕತ್ತು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ.

"ಮೂರನೇದಕ್ಕ ಏಳಬೇಕ್ರಿ ಬೀ, ಮದಲನೇದಕ್ಕಲ್ಲ."

"ಅಲ್ಲಿ ಎರಡನೇ ಸಲ ಕರದ್ರ, ಬೈಗುಳ ತಿನಬೇಕಾಗ್ತಿತ್ತು. ಮದಲನೇದಕ್ಕ ಎದ್ದೆದ್ದು ಕಾಲೇ ಹಂಗಾಗ್ಯಾವ." ಅನ್ವರಿಬೀ ದನಿ ತಗ್ಗಿಸಿದಳು. "ಕಡೀ ದಿನ ಮಧ್ಯಾಹ್ನ ಅಡಿಗಿಮನ್ಯಾಗ ಇದ್ದೆ. 'ಅನ್ವರೀ' ಅಂದ್ರು. 'ಆಯೀ' ಅಂತ ನೀರು ಹಿಡಕೊಂಡು ಓಡಿದೆ. ಕೈ ಮುಟ್ಟಿದ್ರ ಆ ಕಿಡಕಿ ಗಾಜಿನಂಗ ತಣ್ಣಗ. ಜೀವ ಹೋಗಿ ಭಾಳ ಹೊತ್ತಾಗೇದ ಅಂದ ಡಾಕ್ಟರ್. ಹಂಗಾದ್ರ ನನ್ನ ಕರದೋರು ಯಾರು, ಸುಭದ್ರಾ?"

ಅಂಗಳದಲ್ಲಿ ಬಿಸಿಲು ಕಾಯುತ್ತಿತ್ತು. ಸುಭದ್ರಾಬಾಯಿಗೆ ಕಾಲ ಮೇಲೆ ಹರಡಿದ್ದ ಕೌದಿ ತೂಕವಾದಂತೆ ಅನಿಸಿತು.

ಅಂದಿನಿಂದ ಹೊಲಿಗೆಯ ಜೊತೆಗೆ ಮೂರನೇ ಕರೆಗೆ ಏಳುವ ಪಾಠವೂ ನಡೆಯಿತು. ಸುಭದ್ರಾಬಾಯಿ ಅಂಗಳಕ್ಕೆ ಹೋಗಿ "ಅನ್ವರಿಬೀ" ಎನ್ನುವಳು. ಒಳಗೆ ಮಂಚ ಕಿರ್ರೆನ್ನುವುದು. ಮುದುಕಿ ಹೊಸ್ತಿಲಲ್ಲಿ ಹಾಜರು.

"ನಾಯಿಗಿ ಕಲಿಸಿದ್ರ ಇಷ್ಟೊತ್ತಿಗಿ ಕಲೀತಿತ್ತು!"

"ನಾಯಿಗಿ ಯಾರೂ ಪಗಾರ ಕೊಟ್ಟಿಲ್ಲಲ್ಲ!"

ಜೇಬಾಳೂ ನಗುತ್ತಿದ್ದಳು. ಆದರೆ ಮಾಳಿಗೆಯ ಬಾಗಿಲಿಗೆ ಬೀಗ ಬಿದ್ದಿತ್ತು, ಕೀಲಿ ಅವಳ ಕೊರಳಲ್ಲಿತ್ತು. ಕಲಿಸಿ ಕಲಿಸಿ ಸುಭದ್ರಾಬಾಯಿಯ ಗಂಟಲು ಒಣಗಿತು, ಅನ್ವರಿಬೀ ಒಂದು ಸಲವೂ ಗೆಲ್ಲಲಿಲ್ಲ. ಮಧ್ಯಾಹ್ನವಾದರೆ ಸಾಕು, ತನಗೂ ಯಾರೋ ಕರೆದ ಹಾಗಾಗಿ ಸುಭದ್ರಾಬಾಯಿ ಸೂಜಿ ನಿಲ್ಲಿಸಿ ಕಿವಿಗೊಡುತ್ತಿದ್ದಳು.

ಕೌದಿ ಮುಗಿಯುವ ಹೊತ್ತಿಗೆ ಅನ್ವರಿಬೀಗೆ ಜ್ವರ ಹಿಡಿಯಿತು. ಕಡೆಯ ಅಂಚು ಮಡಿಚಿ ದಾರ ಕಡಿದು ಸುಭದ್ರಾಬಾಯಿ ಅದನ್ನು ಹೊದಿಸಿದಾಗ ಮುದುಕಿ ಹಸಿರು ರೇಷ್ಮೆಯ ತುಂಡೊಂದನ್ನು ಕೆನ್ನೆಗೆ ಒತ್ತಿಕೊಂಡಳು. ಕಾಲುಗಳು ಆಗಲೇ ತಣ್ಣಗಾಗಿದ್ದವು. ಸುಭದ್ರಾಬಾಯಿ ತಿಕ್ಕಲು ಕೂತಳು.

"ಬ್ಯಾಡ, ನೀ ಒತ್ತಬ್ಯಾಡ," ಎಂದಳು ಅನ್ವರಿಬೀ. "ಎದ್ದು ಅಂಗಳಕ್ಕ ಹೋಗು. ಅಲ್ಲಿ ನಿಂತು ನನ್ನ ಹೆಸರು ತಗೊಂಡು ಕರಿ. ಒಂದೇ ಸಲ. ನಾ ಬರಲಿಲ್ಲಂದ್ರ ನಿನ್ನ ಪಾಠ ಕಲಿತೆ ಅಂತ ತಿಳಕೋ, ಎರಡನೇದು ಕರೀಬ್ಯಾಡ, ಒಳಗ ಬಂದು ನೋಡಬ್ಯಾಡ. ನಿನ್ನ ಬಸ್ಸಿಗಿ ಹೋಗಿಬಿಡು."