ಪುಟ್ಟಮ್ಮನ ಸಾಲಿನಲ್ಲಿ ಏಳು

ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಶುರು ಮಾಡಿದರೆ ನಾನು ಮೆಲ್ಲಗೆ ಎದ್ದು ಕಾಫಿಗೆ ಹೋಗುವವಳು. ಮುಖದ ಮೇಲೆ ನಗುವಷ್ಟು ಒರಟಲ್ಲ, ಆದರೆ ಒಳಗೊಳಗೆ ನಗುತ್ತಿದ್ದೆ. ಅದರಲ್ಲೂ ಕಂಪ್ಯೂಟರಿನ ವಿಷಯದಲ್ಲಿ ನನಗೆ ಗಟ್ಟಿ ನಂಬಿಕೆಯಿತ್ತು. ನಾವು ತುಂಬಿದ್ದನ್ನು ಬಿಟ್ಟು ಅದು ಬೇರೇನನ್ನೂ ಹೇಳಲಾರದು. ಈಗಲೂ ತರಗತಿಯಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಒಂದೇ ಒಂದು ಮಧ್ಯಾಹ್ನಕ್ಕೆ ಮಾತ್ರ ಆ ಪಾಠ ಹೊಂದುವುದಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ತೊಂಬತ್ತರ ದಶಕದ ಆರಂಭ. ಕಾರವಾರದ ಕಡೆಯಿಂದ ಬಂದು ನಾಗಮಂಗಲ ಸೀಮೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ಅಲ್ಲಿ ಸಂಖ್ಯಾಶಾಸ್ತ್ರ ಹೇಳುತ್ತಿದ್ದ ಶೇಷಗಿರಿ ಮೇಷ್ಟ್ರು ದಿನಾ ಶ್ರೀರಂಗಪಟ್ಟಣದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಅವರದೊಂದು ಹುಚ್ಚು. ಊರಿನ ಸಭೆ ಎಂದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ, ಕೊನೆಗೆ ದೊಡ್ಡ ಗಂಟಲಿನವನು ಗೆಲ್ಲುತ್ತಾನೆ, ಮೆತ್ತಗಿನವರು ಮನಸ್ಸಿನ ಮಾತು ಹೊತ್ತುಕೊಂಡೇ ಮನೆಗೆ ಹೋಗುತ್ತಾರೆ ಎನ್ನುವುದು ಅವರ ಕೊರಗು. ಅದಕ್ಕಾಗಿ ಮೂರು ವರ್ಷ ಕೂತು ಒಂದು ಪ್ರೋಗ್ರಾಮು ಬರೆದಿದ್ದರು. ಹೆಸರು ‘ಒಮ್ಮತ’. ಅದು ಸಭೆಯಲ್ಲಿದ್ದ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳುತ್ತಿತ್ತು. ಎರಡೆರಡು ಸಂಗತಿಗಳನ್ನು ಮುಂದಿಟ್ಟು, ಯಾವುದು ಹೆಚ್ಚು, ಎಷ್ಟು ಹೆಚ್ಚು ಎಂದು ಒಂದರಿಂದ ಒಂಬತ್ತರೊಳಗೆ ಉತ್ತರ ಪಡೆದು, ಎಲ್ಲರ ಮಾತಿಗೂ ಸಮ ತೂಕ ಕೊಟ್ಟು ತೀರ್ಮಾನ ಹೇಳುತ್ತಿತ್ತು. ಕನ್ನಡ ಅಕ್ಷರ ಮೂಡುವ ಯಂತ್ರ ನಮ್ಮಲ್ಲಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ.

ನಾನು ಸೇರಿ ಮೂರು ತಿಂಗಳಾಗಿತ್ತು. ಚಿನಕುರಳಿಯಿಂದ ಒಳಗಿರುವ ಒಂದು ಹಳ್ಳಿಯಲ್ಲಿ ನಾಲೆಗೆ ಕಾಲುಸೇತುವೆ ಮಂಜೂರಾಗಿತ್ತು. ಒಂದೇ ಸೇತುವೆ, ಜಾಗ ಎರಡು. ಒಂದು ಹಾಲಿನ ಡೈರಿಯ ಕಡೆ, ಇನ್ನೊಂದು ಶಾಲೆಯ ಕಡೆ. ಜಗಳ ಹರಿಯದೆ ಊರಿನವರೇ ಮೇಷ್ಟ್ರನ್ನು ಕರೆದರು. ಕಂಪ್ಯೂಟರನ್ನು ಹಾಸಿಗೆಯಲ್ಲಿ ಸುತ್ತಿ ಜೀಪಿನಲ್ಲಿಟ್ಟುಕೊಂಡು ಹೋದೆವು. ಕರೆಂಟು ಇರಲಿಲ್ಲ, ಕಲ್ಲು ಕ್ವಾರಿಯಿಂದ ಜನರೇಟರು ತಂದರು. ಹನ್ನೊಂದು ಜನ ಕೂತರು. ಹೆಸರು ಕರೆಯುವುದು, ಉತ್ತರ ಒತ್ತುವುದು ನನ್ನ ಕೆಲಸ. ಪೂರ್ತಿ ಡೈರಿ ಕಡೆ ಎನ್ನುವವರದು ಒಂಬತ್ತು, ಪೂರ್ತಿ ಶಾಲೆ ಕಡೆ ಎನ್ನುವವರದು ಒಂದು.

ಎಂಟನೆಯ ಹೆಸರು ಪುಟ್ಟಮ್ಮನದು. ಐವತ್ತು ದಾಟಿದ ವಿಧವೆ, ಕಂಬದ ಮರೆಯಲ್ಲಿ ಕೂತಿದ್ದಳು. ಎಷ್ಟು ಎಂದು ಕೇಳಿದೆ. ಅವಳು ಪಕ್ಕದಲ್ಲಿದ್ದ ಬಾವನ ಕಡೆ ತಿರುಗಿ ಏನೋ ಅಂದಳು. ಜನರೇಟರಿನ ಸದ್ದಿನಲ್ಲಿ ಕೊನೆಯ ಮಾತು ಮಾತ್ರ ಕಿವಿಗೆ ಬಿತ್ತು. ಏಳು. ನಾನು ಏಳು ಒತ್ತಿ ಒಂಬತ್ತನೆಯವರನ್ನು ಕರೆದೆ. ಸೇತುವೆ ಕೂದಲೆಳೆಯಲ್ಲಿ ಡೈರಿಯ ಕಡೆಗೆ ಹೋಯಿತು. ಯಾರೂ ಬಾಯಿ ಜೋರು ಮಾಡಲಿಲ್ಲ. ವಾಪಸ್ಸು ಬರುವಾಗ ಮೇಷ್ಟ್ರು ಜೀಪಿನಲ್ಲಿ ಮಗುವಿನ ಹಾಗೆ ಖುಷಿಯಾಗಿದ್ದರು.

ಸೇತುವೆಯಾಯಿತು. ಶಾಲೆಯ ಕಡೆ ಹಳೆಯ ತೆಂಗಿನ ದಿಮ್ಮಿಯೇ ಉಳಿಯಿತು. ಡೈರಿಯಿಂದ ಸುತ್ತಿ ಬಂದರೆ ಒಂದೂವರೆ ಮೈಲಿ, ಮಕ್ಕಳು ಸುತ್ತುತ್ತಾರೆಯೇ? ಎರಡನೆಯ ವರ್ಷ ನಾಲೆಗೆ ನೀರು ಬಿಟ್ಟ ವಾರ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ದಿಮ್ಮಿಯ ಮೇಲಿಂದ ಜಾರಿ ನೀರುಪಾಲಾದಳು. ಪುಟ್ಟಮ್ಮನ ಮೊಮ್ಮಗಳು. ಸಭೆಯ ಉತ್ತರಗಳ ಪಟ್ಟಿಯನ್ನು ನಾವೇ ಅಚ್ಚು ಹಾಕಿ ಡೈರಿ ಗೋಡೆಗೆ ಅಂಟಿಸಿ ಬಂದಿದ್ದೆವಲ್ಲ, ಊರವರು ಅದನ್ನು ನೋಡಿ, ನೀನೇ ತಾನೆ ಏಳು ಅಂದವಳು, ಮಗುವನ್ನು ನೀನೇ ನೀರಿಗೆ ಹಾಕಿದೆ ಎಂದು ಪುಟ್ಟಮ್ಮನಿಗೆ ಅಂದರಂತೆ. ಇದನ್ನು ಕೇಳಿ ಬಂದ ಮೇಷ್ಟ್ರು ಲ್ಯಾಬಿನ ಬಾಗಿಲಲ್ಲಿ ನಿಂತು, ಆವತ್ತು ನೀನು ಸರಿಯಾಗಿ ಕೇಳಿಸಿಕೊಂಡೆಯಾ ಎಂದು ಕೇಳಿದರು. ಏಳು ಅಂತಲೇ ಅಂದಳು ಸರ್, ಎಂದೆ. ಅವರು ತಲೆಯಾಡಿಸಿ ಹೋದರು. ಆಮೇಲೆ ‘ಒಮ್ಮತ’ವನ್ನು ಯಾವ ಊರಿಗೂ ಒಯ್ಯಲಿಲ್ಲ. ಲೆಕ್ಕದಲ್ಲಿ ತಪ್ಪಿದೆಯೇ ಎಂದು ಹುಡುಕುತ್ತಲೇ ನಿವೃತ್ತರಾದರು, ಹುಡುಕುತ್ತಲೇ ತೀರಿಕೊಂಡರು.

ದಶಕದ ಕೊನೆಗೆ ಕಾಲೇಜಿಗೆ ಹೊಸ ಯಂತ್ರಗಳು ಬಂದವು. ಹಳೆಯದನ್ನು ಗುಜರಿಗೆ ಹಾಕುವ ಮುಂಚೆ ‘ಒಮ್ಮತ’ವನ್ನು ಉಳಿಸಿ, ಅದು ಹೇಗೆ ಕೆಲಸ ಮಾಡುತ್ತದೆಂದು ಬರೆದಿಡುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಶ್ರೀರಂಗಪಟ್ಟಣಕ್ಕೆ ಹೋಗಿ ಮೇಷ್ಟ್ರ ಹೆಂಡತಿಯಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದೆ. ಒಳಗೆ ಅಗಲದ ಫ್ಲಾಪಿಗಳು, ಬೂಷ್ಟು ಹಿಡಿದವು. ಹತ್ತಿಯಲ್ಲಿ ಒರೆಸಿ, ಒಣಗಿಸಿ, ಒಂದೊಂದನ್ನೇ ಓದಿಸಿದೆ. ಪ್ರೋಗ್ರಾಮಿನ ಸಾಲುಗಳನ್ನೆಲ್ಲ ಅಚ್ಚು ಹಾಕಿಸಿ, ಯಾವ ಸಾಲು ಯಾಕೆ ಎಂದು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಾ ಹೋದೆ. ತೆರೆಯ ಮೇಲೆ ಬರುವ ಪ್ರತಿಯೊಂದು ವಾಕ್ಯವನ್ನೂ ಪಟ್ಟಿ ಮಾಡಿದೆ. ‘ದಯವಿಟ್ಟು ಹೇಳಿ’, ‘ಮತ್ತೊಮ್ಮೆ ಯೋಚಿಸಿ’. ಮೇಷ್ಟ್ರ ಕನ್ನಡ ಪುಸ್ತಕದ ಕನ್ನಡ, ಒಂದು ಹಕಾರವೂ ಬಿದ್ದುಹೋಗುವಂತಿರಲಿಲ್ಲ.

ಹಳೆಯ ಸಭೆಯನ್ನು ಮೊದಲಿಂದ ಮತ್ತೆ ಓಡಿಸಿ ತೋರಿಸುವ ಸೌಲಭ್ಯ ಅದರಲ್ಲಿತ್ತು. ಉದಾಹರಣೆಗೆ ಒಂದು ಸಭೆ ಬೇಕಿತ್ತು. ಓದಲು ಬಂದ ಫ್ಲಾಪಿಗಳಲ್ಲಿ ಪೂರ್ತಿ ಉಳಿದದ್ದು ಆ ಸೇತುವೆಯ ಸಭೆ ಒಂದೇ. ಮನಸ್ಸಿಲ್ಲದ ಮನಸ್ಸಿನಿಂದ ಹಾಕಿದೆ. ಮಧ್ಯಾಹ್ನ ಮೂರು ಗಂಟೆ, ಹೊರಗೆ ಹುಡುಗರು ವಾಲಿಬಾಲ್ ಆಡುತ್ತಿದ್ದರು. ಆಫೀಸಿನ ಟೈಪಿಸ್ಟು, ಕೆ.ಆರ್. ಪೇಟೆಯ ಬೋರೇಗೌಡರು, ನನ್ನ ಪಕ್ಕದಲ್ಲಿ ಕೂತು ಅಚ್ಚಿನ ಹಾಳೆ ಮಡಿಸುತ್ತಿದ್ದರು. ಒಂದು ಕೀಲಿ ಒತ್ತಿದರೆ ಒಂದು ಹೆಸರು, ಎದುರಿಗೆ ಒಂದು ಅಂಕಿ. ಏಳು ಹೆಸರು ಸರಿಯಾಗಿ ಬಂದವು. ಎಂಟನೆಯದಕ್ಕೆ ಪುಟ್ಟಮ್ಮ ಎಂದು ಬಂತು. ಅಂಕಿಯ ಜಾಗದಲ್ಲಿ ಅಂಕಿ ಇರಲಿಲ್ಲ, ಅಕ್ಷರಗಳಿದ್ದವು. ನಾನು ಓದಿದೆ. ಇನ್ನೂ ಏಳಿಲ್ಲ. ಏಳು ಇಲ್ಲ ಎಂದೇ? ಎದ್ದಿಲ್ಲ ಎಂದೇ? ತಲೆಬುಡ ತಿಳಿಯಲಿಲ್ಲ. ಬೂಷ್ಟು ಹಿಡಿದ ಫ್ಲಾಪಿ, ಏನೋ ಕೆಟ್ಟಿದೆ ಅಂದುಕೊಂಡೆ.

ಬೋರೇಗೌಡರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. “ಪುಟ್ಟಮ್ಮ ಇನ್ನೂ ಏಳಿಲ್ಲ ಅಂತ ಅದೆ ಕಣ್ ಮೇಡಮ್ಮೋರೆ,” ಅಂದರು. “ಯಾವ್ ಪುಟ್ಟಮ್ಮ? ಏನ್ ಏಳ್ಬೇಕಿತ್ತು ಆವಮ್ಮ?”

ಆಗ ತಿಳಿಯಿತು. ಅವರ ಬಾಯಲ್ಲಿ ಅದು ‘ಹೇಳಿಲ್ಲ’. ಈ ಸೀಮೆಯಲ್ಲಿ ಹಕಾರ ಬಿದ್ದು ‘ಹೇಳು’ ಎನ್ನುವುದು ‘ಏಳು’ ಆಗುತ್ತದೆ. ಆವತ್ತು ಪುಟ್ಟಮ್ಮ ಬಾವನ ಕಡೆ ತಿರುಗಿದ್ದು ಅಂಕಿ ಹೇಳುವುದಕ್ಕಲ್ಲ. ಇಷ್ಟು ವರ್ಷ ಈ ಮಾತಿನ ನಡುವೆಯೇ ಬದುಕಿದ್ದೆ, ಏಳ್ತೀನಿ ಏಳ್ತೀನಿ ಎಂದು ದಿನಾ ಕೇಳುತ್ತಿದ್ದೆ. ನನಗೆ ಹೊಳೆಯಲಿಲ್ಲವೋ, ಹೊಳೆಯಲು ನಾನೇ ಬಿಡಲಿಲ್ಲವೋ, ದೇವರಿಗೇ ಗೊತ್ತು.

ಅರಿವಿಲ್ಲದೆ ಕೀಲಿ ಒತ್ತಿಬಿಟ್ಟೆ. ಒಂಬತ್ತನೆಯ ಹೆಸರು ಬಂತು. ಹಿಂದಕ್ಕೆ ಹೋಗಿ ನೋಡಿದರೆ ಪುಟ್ಟಮ್ಮನ ಸಾಲಿನಲ್ಲಿ ಏಳು, ಅಂಕಿಯಲ್ಲಿ, ನೆಟ್ಟಗೆ ನಿಂತಿತ್ತು. ಆ ವಾರವೆಲ್ಲ ಮತ್ತೆ ಮತ್ತೆ ಓಡಿಸಿದೆ. ಪ್ರೋಗ್ರಾಮಿನ ಸಾಲುಗಳನ್ನು ಬೆರಳಿಟ್ಟು ಓದಿದೆ. ಆ ಮಾತು ಎಲ್ಲಿಯೂ ಇರಲಿಲ್ಲ. ಕೆಟ್ಟ ಫ್ಲಾಪಿ ಕಸ ತೋರಿಸುತ್ತದೆ, ಕನ್ನಡ ಮಾತಾಡುವುದಿಲ್ಲ. ಮೇಷ್ಟ್ರು ಶ್ರೀರಂಗಪಟ್ಟಣದವರು, ಈ ಕಡೆಯ ಮಾತು ಬಲ್ಲವರು, ಆಮೇಲೆ ಅವರಿಗೇ ಹೊಳೆದು, ನನ್ನ ಮುಖಕ್ಕೆ ಹೇಳಲಾರದೆ ಒಳಗೆಲ್ಲೋ ಬರೆದಿಟ್ಟರೇ ಎಂದೂ ಯೋಚಿಸಿದೆ. ಆದರೆ ಫ್ಲಾಪಿಯ ಮೇಲಿದ್ದ ಪ್ರತಿ ಕಡತದ ತಾರೀಖು ಸಭೆಯ ದಿನದ್ದೇ. ಆಗ ಮಗು ಬದುಕಿತ್ತು. ನಾನೊಬ್ಬಳೇ ಕಂಡಿದ್ದರೆ ಕಣ್ಣಿನ ಭ್ರಮೆ ಎಂದು ಬಿಡುತ್ತಿದ್ದೆ. ಬೋರೇಗೌಡರು ಓದಿ ಹೇಳಿದ್ದರಲ್ಲ.

ಭಾನುವಾರ ಪಾಂಡವಪುರದ ಬಸ್ಸು ಹಿಡಿದು ಆ ಊರಿಗೆ ಹೋದೆ. ಪುಟ್ಟಮ್ಮನ ಬಾವ ತೀರಿಕೊಂಡಿದ್ದ. ಅವನಿಗೆ ಡೈರಿಯೇ ಬೇಕಿತ್ತಂತೆ, ಆವತ್ತಿನ ಮಾತಿನ ಬಗ್ಗೆ ಕೊನೆಯವರೆಗೂ ಬಾಯಿ ಬಿಡಲಿಲ್ಲವಂತೆ. ಪುಟ್ಟಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು, ಬಹಳ ಸೊರಗಿದ್ದಳು. ನಾನು ಯಾರೆಂದು ಹೇಳಿ, ಆವತ್ತು ಏನಂದಿರಿ ಎಂದು ಕೇಳಿದೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಮೇಲಿತ್ತು.

“ನೀನೇ ಏಳು ಬಾವ ಅಂದೆ ಕಣವ್ವ,” ಅಂದಳು. “ಅಷ್ಟ್ ಜನದ್ ಮುಂದೆ ಎಂಗಸು ನಾನೆಂಗ್ ಏಳಾದು ಅಂತ. ಅವ್ರು ಬಾಯ್ ಬುಡೋ ಒಳ್ಗೇ ನೀನು ಮುಂದ್ಲೋರ್ ಎಸ್ರು ಕರ್ದ್ಬುಟ್ಟೆ. ಆಮೇಲೆ ಎಲ್ರೂ ನೀನೇ ಏಳು ಅಂದಿದ್ದು ಅಂದ್ರು. ಅಂದಿದ್ದು ದಿಟ್ವೇ ಅಲ್ವಾ ಅಂತ ನಾನೂ ಸುಮ್ಕಾದೆ.”

ತಪ್ಪು ನನ್ನದು ಎಂದು ಹೇಳಿ ಅವಳ ಕೈ ಹಿಡಿದುಕೊಂಡು ಅತ್ತೆ. ಸಂಜೆ ಡೈರಿಗೆ ಹಾಲು ಹಾಕಲು ಬಂದವರ ಎದುರು ನಿಂತು ಅದನ್ನೇ ಹೇಳಿದೆ. ಅವರು ಕೇಳಿದರು, ತಲೆ ತಗ್ಗಿಸಿದರು. ನಾನು ಹೊರಡುವಾಗ ಪುಟ್ಟಮ್ಮ ಬಸ್ಸಿನವರೆಗೆ ಬಂದು, “ಈಗ್ಲಾರ ಬರ್ಕೊ. ಸೇತ್ವೆ ಇಸ್ಕೂಲ್ ತಾವ,” ಅಂದಳು. ಕೆಟ್ಟ ಅಭ್ಯಾಸ, ಎಷ್ಟು ಹಾಕಲಿ ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

“ಎಷ್ಟಾರ ಆಕ್ಕೊ,” ಅಂದಳು. “ಕೂಸು ಇಸ್ಕೂಲ್ಗೆ ಓಗಿ ಮನೆಗ್ ಬರ್ಬೇಕಿತ್ತು, ಅಷ್ಟೇಯ.”

ಮಾರನೆಯ ದಿನ ಅವಳ ಸಾಲಿನಲ್ಲಿ ಏಳು ತೆಗೆದು ಒಂದು ಹಾಕಿ ಓಡಿಸಿದೆ. ಸೇತುವೆ ಶಾಲೆಯ ಕಡೆಗೆ ಬಿತ್ತು. ಮೇಷ್ಟ್ರ ಲೆಕ್ಕದಲ್ಲಿ ಯಾವ ತಪ್ಪೂ ಇರಲಿಲ್ಲ. ಇದನ್ನೆಲ್ಲ ದಾಖಲೆಯಲ್ಲಿ ಬರೆದೆ, ನನ್ನ ಹೆಸರು ಸಮೇತ. ಆ ಎರಡು ಪದ ತೆರೆಯ ಮೇಲೆ ಎಲ್ಲಿಂದ ಬಂದವು ಎಂಬುದನ್ನು ಮಾತ್ರ ಬರೆಯಲಾಗಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ. ಒಬ್ಬ ಹೆಂಗಸು ಮನಸ್ಸಿನ ಮಾತು ಹೇಳುವವರೆಗೆ ಕಾಯಲು ಆವತ್ತು ನನಗೆ ಪುರುಸೊತ್ತಿರಲಿಲ್ಲ.