ತಮ್ಮನ ಹೆಸರು

ಎಪ್ಪತ್ತೊಂದರ ಯುದ್ಧದಲ್ಲಿ ನನ್ನ ತಮ್ಮನಿದ್ದ ನೌಕಾಪಡೆಯ ಹಡಗು ಮುಳುಗಿತು. ಹೆಣ ಸಿಗಲಿಲ್ಲವೆಂದು ಅವನ ಹೆಂಡತಿ ಕುಂಕುಮ ಅಳಿಸದೆ ಗುಬ್ಬಿಯಲ್ಲಿ ಕಾಯುತ್ತಲೇ ಇದ್ದಳು. ತೊಂಬತ್ತೊಂಬತ್ತರಲ್ಲಿ ತುಮಕೂರಿನಲ್ಲಿ ನನಗೆ ಮೊದಲ ಮೊಮ್ಮಗ ಹುಟ್ಟಿದಾಗ ಹಿಗ್ಗಿನಿಂದ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಮಾವನ ಹೆಸ್ರೇ ಇಡೋಣ ಕಣಮ್ಮ," ಎಂದ ಮಗ.

ನಮ್ಮಲ್ಲಿ ತೀರಿಹೋದವರ ಹೆಸರನ್ನು ಮಗುವಿಗೆ ಇಡುತ್ತೇವೆ. ಇಟ್ಟರೆ ತಮ್ಮ ಸತ್ತನೆಂದು ಅವನ ಹೆಂಡತಿಯ ಮುಖಕ್ಕೇ ಹೇಳಿದಂತೆ. ನಾಮಕರಣದ ದಿನ ಅವಳು ಬಾಗಿಲಿಗೆ ಬಂದಾಗ ಹೇಗೋ ಹೇಳಿದೆ. ಅವಳು ಮಗುವನ್ನು ಎತ್ತಿಕೊಂಡು, ಎಂದೂ ಬಾಯಲ್ಲಿ ಆಡದ ಗಂಡನ ಹೆಸರನ್ನು ಅದರ ಕಿವಿಯಲ್ಲಿ ಮೂರು ಸಲ ಹೇಳಿದಳು.

"ಇಡಿ ಅಕ್ಕ. ಅವ್ರು ಬಂದ್ಮೇಲೆ ನೀವ್ ಕೂಗಿದ್ರೆ ಇಬ್ರೂ ಓಗೊಡ್ಲಿ ಬುಡಿ," ಎಂದಳು.